ಪೈಪು, ಕ್ಯಾನು, ಬಾಟಲಿಗಳಿಂದ ಮಾಡಿದ ಕತ್ತಿಯ ಒರೆ: ದೋಷ ಪತ್ತೆ ಮತ್ತು ನಿವಾರಣೆ

ಬಳಸಿ ಉಳಿದ ಪ್ಲಾಸ್ಟಿಕ್‌ನಿಂದ ಮನೆಯಲ್ಲೇ ಕತ್ತಿಗೊಂದು ಒರೆ ಮಾಡಿಕೊಂಡು, ಅದು ಕೆಲವೇ ದಿನಗಳಲ್ಲಿ ಸಡಿಲಾಗಿಯೋ ಬಿರಿದೋ ಕತ್ತಿಗೆ ತುಕ್ಕು ಹಿಡಿಸಿಯೋ ಬೇಸರ ತಂದಿರುವಾಗ, ತಪ್ಪು ಎಲ್ಲಿದೆ ಎಂದು ಹುಡುಕುವವರಿಗಾಗಿ ಈ ಕೈಪಿಡಿಯನ್ನು ಬರೆಯಲಾಗಿದೆ. ಮಲೆನಾಡು, ಕೊಡಗು ಮತ್ತು ಕರಾವಳಿಯ ತೋಟಗಳಲ್ಲಿ ಕಮ್ಮಾರರು ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಬಡಿದು ಕೊಟ್ಟ ಕತ್ತಿಯೂ ನೀರಾವರಿಗೆ ಹಾಕಿ ಉಳಿದ ಪಿವಿಸಿ ಪೈಪಿನ ತುಂಡೂ ಒಂದೇ ಕೊಟ್ಟಿಗೆಯ ಮೂಲೆಯಲ್ಲಿ ಸಿಗುತ್ತವೆಯಾದ್ದರಿಂದ, ಇಲ್ಲಿನ ಹೆಚ್ಚಿನ ವಿವರಣೆ ಆ ಜೋಡಿಯನ್ನು ಕುರಿತದ್ದು. ಅಡುಗೆಮನೆಯ ಚಾಕು ಮತ್ತು ಕಸಿ ಕಟ್ಟುವ ಚಾಕುವಿನ ವಿಚಾರ ಅಗತ್ಯವಿದ್ದೆಡೆ ಬರುತ್ತದೆ.

ಒರೆಯ ದೋಷ ಕಣ್ಣಿಗೆ ಬೀಳುವ ಜಾಗ ಬೇರೆ, ಹುಟ್ಟುವ ಜಾಗ ಬೇರೆ. ಕತ್ತಿ ಜಾರುವುದು ಒರೆಯ ಬಾಯಿಯಲ್ಲಿ ಕಾಣಿಸಿದರೂ ಕಾರಣ ಪ್ಲಾಸ್ಟಿಕ್‌ಗೆ ಕೊಟ್ಟ ಶಾಖದಲ್ಲಿರಬಹುದು. ರಿವೆಟ್ ಕಿತ್ತುಬಂದದ್ದಕ್ಕೆ ಕಾರಣ ರಿವೆಟ್ ಅಲ್ಲ, ಬಿಸಿಲಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಪೈಪು ಆಗಿರಬಹುದು. ಆದ್ದರಿಂದ ದೋಷ ಯಾವುದೇ ಇರಲಿ, ಮೊದಲು ಪ್ಲಾಸ್ಟಿಕ್ ಯಾವುದು, ನಂತರ ಅದಕ್ಕೆ ಎಷ್ಟು ಶಾಖ ತಗುಲಿತು, ಆಮೇಲೆ ಆಕಾರ ಸರಿಯಿದೆಯೇ, ಕೊನೆಗೆ ಜೋಡಣೆ ಹೇಗಿದೆ ಎಂಬ ಕ್ರಮದಲ್ಲಿ ಪರಿಶೀಲಿಸುವುದು ಒಳ್ಳೆಯದು. ಈ ಕ್ರಮವನ್ನು ತಲೆಕೆಳಗು ಮಾಡಿ, ಮೊದಲಿಗೇ ಇನ್ನೆರಡು ರಿವೆಟ್ ಬಡಿಯುವುದು ಸಾಮಾನ್ಯ. ಅದರಿಂದ ಪ್ರಯೋಜನವಾಗುವುದು ಅಪರೂಪ.

ಪರೀಕ್ಷೆಗೆ ಮುನ್ನ

ದೋಷವಿರುವ ಒರೆಯನ್ನು ಸೊಂಟಕ್ಕೆ ಕಟ್ಟಿಕೊಂಡು ಪರೀಕ್ಷಿಸಬಾರದು. ಮೇಜಿನ ಮೇಲೆ, ಕೆಳಗೆ ಗೋಣಿಚೀಲ ಹಾಸಿ, ದಪ್ಪ ಕೈಗವಸು ತೊಟ್ಟು ಪರೀಕ್ಷಿಸಬೇಕು. ಒರೆಯೊಳಗೆ ಕತ್ತಿಯನ್ನು ತೂರಿಸುವಾಗ ಇನ್ನೊಂದು ಕೈ ಒರೆಯನ್ನು ಹಿಡಿದಿರುವುದು ಅಲಗಿನ ಮೊಂಡು ಬೆನ್ನಿನ ಬದಿಯಲ್ಲಿರಲಿ. ಹರಿತವಾದ ಅಂಚಿನ ಬದಿಯನ್ನು ಅಂಗೈಯಲ್ಲಿ ಸುತ್ತಿ ಹಿಡಿದರೆ, ಬಿರುಕು ಬಿಟ್ಟ ಒರೆಯನ್ನು ಸೀಳಿಕೊಂಡು ಅಲಗು ನೇರ ಕೈಗೇ ಬರುತ್ತದೆ. ಮತ್ತೆ ಬಿಸಿ ಮಾಡಿ ತಿದ್ದುವ ಕೆಲಸವಿದ್ದರೆ ಅಲಗಿನ ಅಳತೆಗೆ ಸರಿಯಾಗಿ ಕೊರೆದ ಮರದ ಅಚ್ಚನ್ನು ಬಳಸುವುದು ಸುರಕ್ಷಿತ. ನಿಜವಾದ ಕತ್ತಿಯನ್ನೇ ಬಳಸುವುದಾದರೆ ಅಂಚಿಗೆ ಟೇಪ್ ಸುತ್ತಿರಬೇಕು. ಇಲ್ಲಿ ಬೇಕಾಗುವ 130 ಡಿಗ್ರಿ ಸೆಲ್ಸಿಯಸ್ ಒಳಗಿನ ಶಾಖದಿಂದ ಉಕ್ಕಿನ ಹದ ಕೆಡುವುದಿಲ್ಲ; ಆದರೆ ಒರೆಯೊಳಗಿರುವ ಕತ್ತಿಯ ಸಮೇತ ನೇರ ಬೆಂಕಿಯ ಮೇಲೆ ಹಿಡಿದರೆ ಪ್ಲಾಸ್ಟಿಕ್ ಮತ್ತು ಹದ ಎರಡೂ ಹೋಗುತ್ತವೆ.

ಮೊದಲ ಪ್ರಶ್ನೆ: ಇದು ಯಾವ ಪ್ಲಾಸ್ಟಿಕ್?

ವಸ್ತುವಿನ ತಳದಲ್ಲಿ ತ್ರಿಕೋನದೊಳಗೆ ಅಂಕಿಯಿದ್ದರೆ ಕೆಲಸ ಸುಲಭ. 1 ಎಂದರೆ ನೀರಿನ ಬಾಟಲಿಯ ಪಿಇಟಿ, 2 ಎಂದರೆ ಎಣ್ಣೆಯ ಕ್ಯಾನು ಮತ್ತು ನೀಲಿ ಡ್ರಮ್ಮುಗಳ ಎಚ್‌ಡಿಪಿಇ, 3 ಎಂದರೆ ಪಿವಿಸಿ, 5 ಎಂದರೆ ಪಾಲಿಪ್ರೊಪಿಲೀನ್. ಅಂಕಿಯಿಲ್ಲದ ತುಂಡನ್ನು ಸೋಪಿನ ಹನಿ ಹಾಕಿದ ನೀರಿನಲ್ಲಿ ಮುಳುಗಿಸಿ, ಮೈಗಂಟಿದ ಗಾಳಿಗುಳ್ಳೆಗಳನ್ನು ಬೆರಳಿನಿಂದ ಒರೆಸಿ ಬಿಟ್ಟುನೋಡಿ. ತೇಲಿದರೆ ಅದು ಎಚ್‌ಡಿಪಿಇ ಅಥವಾ ಪಾಲಿಪ್ರೊಪಿಲೀನ್ ಆಗಿರುವ ಸಂಭವವೇ ಹೆಚ್ಚು. ಪಿವಿಸಿ ಮತ್ತು ಪಿಇಟಿಗಳು ನೀರಿಗಿಂತ ಸುಮಾರು 1.4 ಪಟ್ಟು ಸಾಂದ್ರವಾದ್ದರಿಂದ ತಳ ಸೇರುತ್ತವೆ. ಚೂಪಾದ ಚಾಕುವಿನಿಂದ ಅಂಚನ್ನು ಹೆರೆದಾಗ ಎಚ್‌ಡಿಪಿಇ ಮೇಣದ ಹಾಗೆ ನುಣುಪಾದ ಸುರುಳಿ ಬಿಡುತ್ತದೆ, ಉಗುರಿನಿಂದ ಒತ್ತಿದರೆ ಗುರುತು ನಿಲ್ಲುತ್ತದೆ. ಗಟ್ಟಿ ಪಿವಿಸಿಯಲ್ಲಿ ಉಗುರು ನಾಟುವುದಿಲ್ಲ. ಸುಟ್ಟು ವಾಸನೆ ನೋಡಿ ಗುರುತಿಸುವ ಪದ್ಧತಿಯೊಂದು ಇದೆಯಾದರೂ ಪಿವಿಸಿಯ ಹೊಗೆಯನ್ನು ಮೂಸುವುದು ಬುದ್ಧಿವಂತಿಕೆಯಲ್ಲ.

ಹೀಗೆ ಗುರುತಿಸುವುದು ಏಕೆ ಮುಖ್ಯವೆಂದರೆ, ಒಂದಕ್ಕೆ ಹೇಳಿದ ಉಪಾಯ ಇನ್ನೊಂದಕ್ಕೆ ಸಲ್ಲುವುದಿಲ್ಲ. ಗಟ್ಟಿ ಪಿವಿಸಿ ಸುಮಾರು 80 ಡಿಗ್ರಿಯಲ್ಲಿ ಮೆತ್ತಗಾಗಲು ತೊಡಗಿ, 110ರಿಂದ 130 ಡಿಗ್ರಿಯ ನಡುವೆ ಬಾಡಿಸಿದ ಬಾಳೆಯೆಲೆಯಂತೆ ಬಿರಿಯದೆ ಮಡಚಿಕೊಳ್ಳುತ್ತದೆ. ಬಿಸಿನೀರಿನ ಕೊಳವೆಗೆ ಬಳಸುವ ಸಿಪಿವಿಸಿ ಮೆತ್ತಗಾಗಲು ಇನ್ನೂ 25–30 ಡಿಗ್ರಿ ಹೆಚ್ಚು ಕೇಳುತ್ತದೆ. ಎಚ್‌ಡಿಪಿಇ ಇವೆರಡರಂತೆ ನಿಧಾನವಾಗಿ ಮೆತ್ತಗಾಗುವ ಜಾತಿಯದಲ್ಲ. ಅದು 130 ಡಿಗ್ರಿಯ ಆಸುಪಾಸಿನಲ್ಲಿ ಕರಗಿಯೇ ಬಿಡುತ್ತದೆ ಮತ್ತು ತಣಿಯುವಾಗ ಗಣನೀಯವಾಗಿ ಕುಗ್ಗುತ್ತದೆ. ಅಮೆರಿಕದ ಒರೆ ತಯಾರಕರು ಬಳಸುವ ಕೈಡೆಕ್ಸ್ ಎಂಬ ಹಾಳೆಯಲ್ಲಿ ಪಿವಿಸಿಯ ಜೊತೆಗೆ ಅಕ್ರಿಲಿಕ್ ಬೆರೆತಿದ್ದು, ಅದನ್ನು 150 ಡಿಗ್ರಿಗೂ ಮೇಲೆ ಕಾಯಿಸಿ ರೂಪಿಸುತ್ತಾರೆ. ಆ ಲೆಕ್ಕವನ್ನು ಹಾಗೆಯೇ ನೀರಿನ ಪೈಪಿಗೆ ಹಚ್ಚಿದವರ ಒರೆಗಳು ಕಂದುಬಣ್ಣಕ್ಕೆ ತಿರುಗುವುದು ಇದೇ ಕಾರಣಕ್ಕೆ.

ಎರಡು ಬಗೆಯ ವಸ್ತುಗಳನ್ನು ಪರೀಕ್ಷೆಗೂ ಮುನ್ನವೇ ಕೈಬಿಡಬೇಕು. ಕೀಟನಾಶಕ ಅಥವಾ ಕಳೆನಾಶಕ ತುಂಬಿದ್ದ ಕ್ಯಾನುಗಳನ್ನು ಎಷ್ಟೇ ತೊಳೆದಿದ್ದರೂ ಬಿಸಿ ಮಾಡಬಾರದು. ಹಳೆಯ ಪಿವಿಸಿ ಪೈಪಿನಿಂದ ಅಡುಗೆಮನೆಯ ಚಾಕುವಿಗೆ ಒರೆ ಮಾಡಬಾರದು. ಪಿವಿಸಿ ಪೈಪುಗಳಲ್ಲಿ ಸೀಸದ ಸಂಯುಕ್ತಗಳ ಬಳಕೆಯನ್ನು ನಿಯಂತ್ರಿಸುವ ನಿಯಮಗಳನ್ನು ಕೇಂದ್ರ ಸರ್ಕಾರ ಹೊರಡಿಸಿದ್ದು 2021ರಲ್ಲಿ; ಅದಕ್ಕಿಂತ ಹಿಂದಿನ ಪೈಪಿನಲ್ಲಿ ಸೀಸವಿದೆಯೆಂದೇ ಭಾವಿಸಿ ನಡೆದುಕೊಳ್ಳುವುದು ಕ್ಷೇಮ. ಅಂತಹ ಪೈಪನ್ನು ಉಜ್ಜುವಾಗ ಒಣದಾಗಿ ಉಜ್ಜದೆ, ನೀರು ಹಾಕಿಕೊಂಡು ಉಪ್ಪುಕಾಗದದಿಂದ ಉಜ್ಜಬೇಕು.

ಕತ್ತಿ ಸಡಿಲವಾಗಿದೆ, ಬೋರಲು ಹಿಡಿದರೆ ಜಾರಿ ಬೀಳುತ್ತದೆ

ಒರೆಗಳ ಬಗ್ಗೆ ಕೇಳಿಬರುವ ದೂರುಗಳಲ್ಲಿ ಇದೇ ಮೊದಲನೆಯದು, ಅಪಾಯದಲ್ಲೂ ಇದೇ ಮೊದಲನೆಯದು. ಒರೆಯನ್ನು ಗೋಣಿಚೀಲದ ಮೇಲೆ ಒಂದು ಅಡಿ ಎತ್ತರದಲ್ಲಿ ಬೋರಲು ಹಿಡಿದು ಅಲುಗಾಡಿಸಿ. ಅಲುಗಾಡಿಸದೆಯೇ ಬಿದ್ದರೆ ಹಿಡಿತವೇ ಇಲ್ಲ. ಜೋರಾಗಿ ಕೊಡವಿದಾಗ ಮಾತ್ರ ಬಿದ್ದರೆ ಹಿಡಿತವಿದೆ, ಸಾಲದು. ಈ ಎರಡರ ಚಿಕಿತ್ಸೆಯೂ ಬೇರೆ ಬೇರೆ.

ಮುಂದಿನ ಹೆಜ್ಜೆಯಾಗಿ ಕತ್ತಿಯ ಅಲಗಿಗೂ ಹಿಡಿಯ ಬುಡಕ್ಕೂ ಸೀಮೆಸುಣ್ಣದ ಪುಡಿಯನ್ನು ಸವರಿ, ಒರೆಗೆ ಹಾಕಿ, ನಾಲ್ಕಾರು ಬಾರಿ ಎಳೆದು ತಳ್ಳಿ ಹೊರತೆಗೆಯಿರಿ. ಪುಡಿ ಎಲ್ಲಿ ಅಳಿಸಿದೆಯೋ ಅಲ್ಲಿ ಒರೆ ಮುಟ್ಟುತ್ತಿದೆ. ಒಳ್ಳೆಯ ಒರೆಯಲ್ಲಿ ಪುಡಿ ಅಳಿಸಬೇಕಾದದ್ದು ಹಿಡಿಯ ಬುಡದಲ್ಲಿ. ಅಲಗಿನ ಮಧ್ಯದಲ್ಲಿ ಮಾತ್ರ ಅಳಿಸಿದ್ದರೆ, ಒರೆ ಅಲಗನ್ನು ಒತ್ತಿ ಹಿಡಿಯುತ್ತಿದೆಯೇ ಹೊರತು ಕತ್ತಿಯನ್ನು ಹಿಡಿದಿಟ್ಟಿಲ್ಲ. ಅಲಗಿನ ಮೈ ನುಣುಪಾದದ್ದು, ಮೊನೆಯ ಕಡೆಗೆ ಕಿರಿದಾಗುತ್ತ ಹೋಗುವಂಥದ್ದು. ಕತ್ತಿ ಕೂದಲೆಳೆಯಷ್ಟು ಹೊರಗೆ ಸರಿದ ಕ್ಷಣವೇ ಒತ್ತಡ ಪೂರ್ತಿ ಬಿಟ್ಟುಹೋಗುತ್ತದೆ. ಹಿಡಿಯ ಬುಡದ ಕಬ್ಬಿಣದ ಬಳೆಯೋ, ಮರದ ಉಬ್ಬೋ ಇದ್ದರೆ ಅದರ ಹಿಂಭಾಗಕ್ಕೆ ಪ್ಲಾಸ್ಟಿಕ್ ಬಾಗಿ ಕುಳಿತಿರಬೇಕು, ಕತ್ತಿ ಒಳಗೆ ಹೋಗುವಾಗ ಟಕ್ಕೆಂಬ ಸದ್ದು ಬರಬೇಕು. ಸದ್ದಿಲ್ಲದೆ ಒಳಗೆ ಹೋಗುವ ಕತ್ತಿ ಸದ್ದಿಲ್ಲದೆಯೇ ಹೊರಗೂ ಬರುತ್ತದೆ.

ಸಡಿಲ ಯಾವಾಗ ಕಾಣಿಸಿಕೊಂಡಿತು ಎಂಬುದು ಕಾರಣವನ್ನು ಬಹುಮಟ್ಟಿಗೆ ಹೇಳಿಬಿಡುತ್ತದೆ. ಅಚ್ಚಿನಿಂದ ತೆಗೆದ ಗಳಿಗೆಯಿಂದಲೇ ಸಡಿಲವಿದ್ದು, ಹಿಡಿಯ ಸುತ್ತ ಒರೆಯ ಮೇಲ್ಮೈಯಲ್ಲಿ ಯಾವ ಉಬ್ಬುತಗ್ಗೂ ಸ್ಪಷ್ಟವಾಗಿ ಮೂಡಿಲ್ಲದಿದ್ದರೆ ಪ್ಲಾಸ್ಟಿಕ್ ಸಾಕಷ್ಟು ಕಾದಿರಲಿಲ್ಲ ಎಂದರ್ಥ. ಕುದಿಯುವ ನೀರಿನಲ್ಲಿ ಪೈಪನ್ನು ಅದ್ದಿ ಒರೆ ಮಾಡಿದವರಲ್ಲಿ ಈ ದೋಷ ಹೆಚ್ಚು. ಕುದಿನೀರು ಪಿವಿಸಿಯನ್ನು ಬಾಗಿಸುತ್ತದೆ, ಆದರೆ ಸಣ್ಣ ವಿವರಗಳನ್ನು ಮೂಡಿಸುವಷ್ಟು ಮೆತ್ತಗೆ ಮಾಡುವುದಿಲ್ಲ; ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿರುವ ಮಡಿಕೇರಿಯಂಥ ಊರಿನಲ್ಲಂತೂ ನೀರು ಸುಮಾರು 96 ಡಿಗ್ರಿಯಲ್ಲೇ ಕುದಿಯುವುದರಿಂದ ಕೊರತೆ ಇನ್ನಷ್ಟು ಹೆಚ್ಚುತ್ತದೆ. ಇದಕ್ಕೆ ಹಾಟ್ ಏರ್ ಗನ್ ಅಥವಾ ಬಾಣಲೆಯಲ್ಲಿ ಕಾಯಿಸಿದ ಮರಳು ಪರಿಹಾರ. ಮರಳಿನಲ್ಲಿ ಹೂತ ಪಟ್ಟಿಯನ್ನು ಇಕ್ಕಳದಿಂದ ಒಂದು ತುದಿ ಹಿಡಿದು ಎತ್ತಿದಾಗ ಇನ್ನೊಂದು ತುದಿ ತನ್ನ ಭಾರಕ್ಕೆ ತಾನೇ ಜೋತುಬಿದ್ದರೆ ಹದ ಬಂದಿದೆ ಎಂದು ತಿಳಿಯಬೇಕು. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬಾರದು.

ಉಬ್ಬುತಗ್ಗು ಚೆನ್ನಾಗಿ ಮೂಡಿದ್ದೂ ಮೊದಲಿನಿಂದಲೇ ಸಡಿಲವಿದ್ದರೆ ಅಚ್ಚಿಗೆ ಸುತ್ತಿದ ಟೇಪಿನ ಪದರಗಳನ್ನು ಎಣಿಸಿ. ಮಾಸ್ಕಿಂಗ್ ಟೇಪಿನ ಒಂದು ಪದರ ಸುಮಾರು 0.15 ಮಿ.ಮೀ. ದಪ್ಪವಿರುತ್ತದೆ. ಅಲಗಿನ ಮೇಲೆ ಎರಡು ಪದರ ಬೇಕು, ಏಕೆಂದರೆ ಅಲ್ಲಿ ಜಾಗ ಬಿಡಬೇಕು. ಹಿಡಿಯ ಬುಡದಲ್ಲಿ ಒಂದೂ ಬೇಡ, ಏಕೆಂದರೆ ಅಲ್ಲಿ ಹಿಡಿತ ಬೇಕು. ಕತ್ತಿಯನ್ನು ತುದಿಯಿಂದ ಬುಡದವರೆಗೂ ಒಂದೇ ಸಮನೆ ಸುತ್ತಿಬಿಟ್ಟರೆ ಒರೆಯೂ ಒಂದೇ ಸಮನೆ ಸಡಿಲವಾಗುತ್ತದೆ.

ಸಂಜೆ ಸರಿಯಾಗಿದ್ದ ಒರೆ ಬೆಳಗಾಗುವುದರೊಳಗೆ ಬಾಯಿ ತೆರೆದಿದ್ದರೆ, ಒತ್ತುಹಲಗೆಯಿಂದ ಬೇಗ ತೆಗೆದದ್ದೇ ಕಾರಣ. ಎರಡು ಹಲಗೆಗಳ ನಡುವೆ ಹಳೆಯ ಯೋಗ ಚಾಪೆಯ ತುಂಡುಗಳನ್ನಿಟ್ಟು ಸಿ-ಕ್ಲ್ಯಾಂಪಿನಿಂದ ಬಿಗಿದಾಗ ಆ ಫೋಮ್ ಶಾಖವನ್ನು ಹೊರಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಹೊರಗಿನ ಹಲಗೆ ತಣ್ಣಗಾಗಿದ್ದರೂ ಒಳಗಿನ ಪ್ಲಾಸ್ಟಿಕ್ ಇನ್ನೂ ಬೆಚ್ಚಗಿರುತ್ತದೆ. ಕನಿಷ್ಠ ಅರ್ಧ ಗಂಟೆ ಬಿಗಿದಿಟ್ಟು, ಒಡನೆಯೇ ರಿವೆಟ್ ಹಾಕುವ ಬದಿಯನ್ನು ಇಕ್ಕಳದಿಂದ ಕಚ್ಚಿಸಿ ಹಿಡಿಯಬೇಕು.

ಇನ್ನು ಕೆಲವು ವಾರ ಚೆನ್ನಾಗಿದ್ದು, ಬೇಸಿಗೆಯಲ್ಲಿ ಸಡಿಲಾಗುವ ಒರೆಗಳದ್ದು ಬೇರೆಯೇ ಕಥೆ. ಶಾಖಕ್ಕೆ ಪ್ಲಾಸ್ಟಿಕ್ ಹಿಗ್ಗಿತು ಎಂದು ಇದನ್ನು ವಿವರಿಸುವವರಿದ್ದಾರೆ, ಆದರೆ ಲೆಕ್ಕ ಹಾಕಿದರೆ ಹೊಂದುವುದಿಲ್ಲ: 50 ಮಿ.ಮೀ. ಅಗಲದ ಪಿವಿಸಿ ಒರೆ 30 ಡಿಗ್ರಿ ಹೆಚ್ಚಿನ ಶಾಖಕ್ಕೆ ಹಿಗ್ಗುವುದು 0.1 ಮಿ.ಮೀ.ನಷ್ಟು ಮಾತ್ರ. ನಿಜವಾದ ಕಾರಣ ಪೈಪಿನ ನೆನಪು. ಪೈಪು ಕಾರ್ಖಾನೆಯಲ್ಲಿ ಕರಗಿದ ಸ್ಥಿತಿಯಿಂದ ದುಂಡಗೆ ಹೊರಬಂದು ದುಂಡಗೇ ಗಟ್ಟಿಯಾದದ್ದು. ನಾವು ಅದನ್ನು ಕರಗಿಸುವುದಿಲ್ಲ, ಮೆತ್ತಗೆ ಮಾಡಿ ಬಲವಂತದಿಂದ ಚಪ್ಪಟೆಯಾಗಿಸಿ ತಣಿಸುತ್ತೇವೆ. ಮತ್ತೆ 70–80 ಡಿಗ್ರಿಯ ಶಾಖ ಸಿಕ್ಕಿತೆಂದರೆ ಅದು ಹಳೆಯ ದುಂಡಗಿನ ಆಕಾರದತ್ತ ತಿರುಗುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ, ಕಿಟಕಿ ಮುಚ್ಚಿದ ಜೀಪಿನ ಡ್ಯಾಶ್‌ಬೋರ್ಡು ಈ ಶಾಖಕ್ಕೆ ಮುಟ್ಟಬಲ್ಲದು. ಈ ಗುಣವನ್ನು ಪೂರ್ತಿಯಾಗಿ ನಿವಾರಿಸಲಾಗದು, ಕಟ್ಟಿಹಾಕಬಹುದು ಅಷ್ಟೆ. ರಿವೆಟ್‌ಗಳ ಸಾಲನ್ನು ಒರೆಯ ಬಾಯಿಯ ತನಕ ತರುವುದು, ಬಾಯಿಯಿಂದ 10 ಮಿ.ಮೀ. ಒಳಗೆ ಕೊನೆಯ ರಿವೆಟ್ ಇರುವಂತೆ ನೋಡಿಕೊಳ್ಳುವುದು, ಒರೆಯನ್ನು ಬಿಸಿಲಿಗೆ ಬಿಡದಿರುವುದು ಇದರ ಉಪಾಯ. ತೆರೆದುಕೊಂಡ ಬಾಯಿಯನ್ನು ಮತ್ತೆ ಬಿಸಿ ಮಾಡಿ ಒತ್ತಬಹುದು. ಆದರೆ ಶಾಖ ಬಾಯಿಗೆ ಮಾತ್ರ ತಗುಲಲಿ, ಉಳಿದ ಭಾಗಕ್ಕೆ ಒದ್ದೆ ಬಟ್ಟೆ ಸುತ್ತಿರಿ. ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ಹೊಟ್ಟೆ ಉಬ್ಬುತ್ತದೆ.

ನಮ್ಮ ಕಡೆಯ ಬಹಳಷ್ಟು ಕತ್ತಿಗಳ ಹಿಡಿ ಬುಡದಿಂದ ತುದಿಯವರೆಗೆ ನೇರವಾಗಿದ್ದು, ಹಿಡಿದಿಡಲು ಉಬ್ಬಾಗಲಿ ತಗ್ಗಾಗಲಿ ಇರುವುದಿಲ್ಲ. ಅಂತಹ ಕತ್ತಿಗೆ ಬರೀ ಅಚ್ಚಿನ ಹಿಡಿತವನ್ನು ನೆಚ್ಚುವುದು ಸರಿಯಲ್ಲ. ಹಳೆಯ ಬ್ಯಾಗಿನ ನೈಲಾನ್ ಪಟ್ಟಿಯನ್ನೋ ಸೈಕಲ್ ಟ್ಯೂಬಿನ ಉಂಗುರವನ್ನೋ ಹಿಡಿಯ ಮೇಲೆ ಹಾಯಿಸಿ ಗುಂಡಿಯಿಂದ ಸಿಕ್ಕಿಸುವುದು ನೋಡಲು ಅಂದವಲ್ಲದಿದ್ದರೂ ನಂಬಲರ್ಹ.

ಕತ್ತಿ ಸಿಕ್ಕಿಕೊಂಡಿದೆ; ಎಳೆದರೂ ಬರುವುದಿಲ್ಲ

ಬಲವಂತದಿಂದ ಎಳೆಯಬೇಡಿ, ತಟಕ್ಕನೆ ಬಿಡುವ ಕತ್ತಿ ಎಳೆದವನ ಮೊಣಕಾಲಿಗೋ ಪಕ್ಕದಲ್ಲಿದ್ದವನಿಗೋ ತಗುಲುತ್ತದೆ. ಒರೆಯನ್ನು ವೈಸ್‌ನಲ್ಲಿ ಹಗುರವಾಗಿ ಹಿಡಿಸಿ, ಬಾಯಿಗೆ ಬಿಸಿನೀರು ಹೊಯ್ದು, ಹಿಡಿಯನ್ನು ನೇರವಾಗಿ ಎಳೆಯಬೇಕು.

ಒರೆ ಎಣ್ಣೆಯ ಕ್ಯಾನಿನ ಎಚ್‌ಡಿಪಿಇಯದ್ದಾಗಿದ್ದರೆ ಕುಗ್ಗುವಿಕೆಯೇ ಕಾರಣವೆಂದು ಹೆಚ್ಚು ಯೋಚಿಸದೆ ಹೇಳಬಹುದು. ಈ ಪ್ಲಾಸ್ಟಿಕ್ ಕರಗಿ ಗಟ್ಟಿಯಾಗುವಾಗ ಸುಮಾರು ಶೇಕಡ 2ರಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಕುಗ್ಗುವುದರಿಂದ 50 ಮಿ.ಮೀ. ಅಗಲದ ಅಲಗಿಗೆ ಒಂದು ಮಿಲಿಮೀಟರಿನಷ್ಟು ಜಾಗ ಕಡಿಮೆಯಾಗುತ್ತದೆ. ಟೇಪಿನ ಪದರ ಹೆಚ್ಚಿಸಿ ಸರಿಪಡಿಸಲು ಯತ್ನಿಸಬಹುದು, ಆದರೆ ಕುಗ್ಗುವಿಕೆ ಎಲ್ಲ ಕಡೆ ಒಂದೇ ಸಮನಾಗಿ ಆಗುವುದಿಲ್ಲವಾದ್ದರಿಂದ ಒರೆ ತಿರುಚಿಕೊಳ್ಳುವುದೂ ಉಂಟು. ಎಚ್‌ಡಿಪಿಇಯನ್ನು ಅಚ್ಚೊತ್ತುವ ಆಸೆಯನ್ನೇ ಬಿಡುವುದು ಲೇಸು. ಕ್ಯಾನಿನ ಚಪ್ಪಟೆ ಬದಿಗಳಿಂದ ಎರಡು ಹಾಳೆ ಕತ್ತರಿಸಿ, ನಡುವೆ ಅಲಗಿನಷ್ಟೇ ದಪ್ಪದ ನಡುಪಟ್ಟಿಯಿಟ್ಟು, ಬಿಸಿಯನ್ನೇ ತೋರಿಸದೆ ರಿವೆಟ್ ಹೊಡೆದ ಒರೆ ಬಹಳ ಕಾಲ ಬಾಳುತ್ತದೆ. ಆ ಪ್ಲಾಸ್ಟಿಕ್‌ನ ಗುಣಕ್ಕೆ ಹೊಂದುವ ವಿಧಾನವೂ ಅದೇ. ಅಚ್ಚೊತ್ತಲೇಬೇಕೆನ್ನುವವರು ಬಣ್ಣ ಹಾಕದ ಬಿಳಿಯ ಕ್ಯಾನನ್ನು ಆರಿಸಿಕೊಳ್ಳಲಿ: ಹಾಲಿನಂತೆ ಮಬ್ಬಾಗಿರುವ ಅದು ಕರಗುವ ಹಂತದಲ್ಲಿ ತಿಳಿಯಾಗಿ ಪಾರದರ್ಶಕವಾಗುತ್ತದೆ, ತಣಿದಾಗ ಮತ್ತೆ ಮಬ್ಬಾಗುತ್ತದೆ. ಉಷ್ಣಮಾಪಕವಿಲ್ಲದ ಮನೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ಸೂಚನೆ ಸಿಗದು.

ಪಿವಿಸಿ ಒರೆಯಲ್ಲಿ ಕತ್ತಿ ಸಿಕ್ಕಿಕೊಂಡರೆ ಅಲಗಿನ ಆಕಾರವನ್ನು ಗಮನಿಸಿ. ಅಲಗಿನ ಅತಿ ಅಗಲವಾದ ಭಾಗ ಹಿಡಿಯ ಹತ್ತಿರವಿದ್ದರೆ ಅಚ್ಚೊತ್ತಿದ ಒರೆಯಿಂದ ಅದು ಸಲೀಸಾಗಿ ಬರುತ್ತದೆ. ಮೊನೆಯ ಕಡೆ ಅಗಲವಾಗಿ ಬುಡದಲ್ಲಿ ಕಿರಿದಾಗಿರುವ ಕತ್ತಿಯಾಗಲಿ, ತುದಿ ಕೊಕ್ಕಿನಂತೆ ಬಾಗಿರುವ ಕತ್ತಿಯಾಗಲಿ ಎಲ್ಲ ಕಡೆಯಿಂದ ಮುಚ್ಚಿದ ಒರೆಯೊಳಗೆ ಸೆರೆಯಾಗುತ್ತದೆ, ಮತ್ತು ಇದು ಯಾವ ಉಜ್ಜುವಿಕೆಯಿಂದಲೂ ಸರಿಹೋಗದ ದೋಷ. ಅದಕ್ಕೆ ಬೆನ್ನಿನ ಬದಿಯನ್ನು ಪೂರ್ತಿ ತೆರೆದಿಟ್ಟು, ಕತ್ತಿಯನ್ನು ಪಕ್ಕದಿಂದ ಒಳಗಿಟ್ಟು, ಮೇಲೆ ಪಟ್ಟಿ ಬಿಗಿಯುವಂತೆ ಒರೆಯನ್ನು ಮತ್ತೆ ಕತ್ತರಿಸಬೇಕು. ಆಕಾರ ಸರಿಯಿದ್ದೂ ಬಿಗಿಯಾಗಿದ್ದರೆ ಸೀಮೆಸುಣ್ಣದ ಪರೀಕ್ಷೆಯಲ್ಲಿ ಉಜ್ಜಿದ ಜಾಗ ಗುರುತಿಸಿ, ಅಲ್ಲಿಗಷ್ಟೇ ಹೊರಗಿನಿಂದ ಬಿಸಿ ಕೊಟ್ಟು, ಒಂದು ಪದರ ಹೆಚ್ಚು ಟೇಪ್ ಸುತ್ತಿದ ಅಚ್ಚನ್ನು ತೂರಿಸಿ ಹಿಗ್ಗಿಸಬಹುದು.

ಒರೆ ಕಂದುಬಣ್ಣಕ್ಕೆ ತಿರುಗಿದೆ, ಗುಳ್ಳೆಯೆದ್ದಿದೆ, ಘಾಟು ಬರುತ್ತಿದೆ

ಇದು ಅತಿಯಾದ ಶಾಖದ ಲಕ್ಷಣ, ಸಂಶಯಕ್ಕೆ ಎಡೆಯಿಲ್ಲ. ತೋಟದಲ್ಲಿ ಪೈಪಿನ ತುದಿಯನ್ನು ಸೋಗೆಯ ಬೆಂಕಿಗೆ ಹಿಡಿದು ಹಿಗ್ಗಿಸಿ ಜೋಡಿಸುವ ಅಭ್ಯಾಸವಿರುವವರು ಒರೆಗೂ ಅದನ್ನೇ ಅನುಸರಿಸುತ್ತಾರೆ. ಬೆಂಕಿಯ ನಾಲಗೆ ಮುಟ್ಟಿದಲ್ಲಿ ಪಿವಿಸಿ ಒಡೆದು ಹೈಡ್ರೋಜನ್ ಕ್ಲೋರೈಡ್ ಅನಿಲವನ್ನು ಬಿಡುತ್ತದೆ. ಅದು ತೇವದೊಂದಿಗೆ ಸೇರಿದರೆ ಹೈಡ್ರೋಕ್ಲೋರಿಕ್ ಆಮ್ಲವಾಗುತ್ತದೆ. ಕಣ್ಣು ಗಂಟಲು ಉರಿಯುವುದು ಅದರಿಂದಲೇ. ಬಣ್ಣ ತುಸು ಹಳದಿಗೆ ತಿರುಗಿದ್ದರೆ ಎಚ್ಚರಿಕೆಯೆಂದು ತಿಳಿದು ಮುಂದುವರಿಯಬಹುದು, ಕಂದಾಗಿದ್ದರೆ ಅಥವಾ ಗುಳ್ಳೆಯೆದ್ದಿದ್ದರೆ ಆ ತುಂಡನ್ನು ಬಿಡಬೇಕು. ಗುಳ್ಳೆಯನ್ನು ಉಜ್ಜಿ ನುಣುಪು ಮಾಡಿದರೂ ಒಳಗಿನ ದೌರ್ಬಲ್ಯ ಹೋಗುವುದಿಲ್ಲ. ಹಾಟ್ ಏರ್ ಗನ್ನನ್ನು ಒಂದೇ ಕಡೆ ನಿಲ್ಲಿಸದೆ, ಒಂದು ಗೇಣು ದೂರದಿಂದ ಆಡಿಸುತ್ತ, ಪಟ್ಟಿಯನ್ನು ಎರಡೂ ಬದಿಗೆ ತಿರುವುತ್ತ ಬಯಲಿನಲ್ಲಿ ಕಾಯಿಸುವುದೇ ಸರಿಯಾದ ರೀತಿ. ಅಡುಗೆಯ ಓವನ್ನಿನಲ್ಲಿ ಪಿವಿಸಿಯನ್ನು ಇಡಲೇಬಾರದು.

ಕತ್ತಿಗೆ ತುಕ್ಕು ಹಿಡಿಯುತ್ತಿದೆ

ಇಲ್ಲಿ ಬಣ್ಣ ಮತ್ತು ಜಾಗ ಎರಡನ್ನೂ ನೋಡಬೇಕು. ಅಡಿಕೆ, ಬಾಳೆ ಕಡಿದ ಕತ್ತಿಯ ಮೇಲೆ ಮೂಡುವ ನೀಲಿಗಪ್ಪು ಕಲೆ ತುಕ್ಕಲ್ಲ. ಸಸ್ಯದ ಚೊಗರು ಕಬ್ಬಿಣದೊಡನೆ ಸೇರಿ ಆಗುವ ಬಣ್ಣ ಅದು, ಒರೆಯ ತಪ್ಪೇನೂ ಇಲ್ಲ. ಕೆಂಗಂದು ಬಣ್ಣದ ಪುಡಿ ಮೊನೆಯ ಕಡೆಗೆ ಮಾತ್ರ ಇದ್ದರೆ ಒರೆಯ ತಳದಲ್ಲಿ ನೀರು ನಿಲ್ಲುತ್ತಿದೆ. ಅಲ್ಲಿ 5–6 ಮಿ.ಮೀ.ನ ರಂಧ್ರ ಕೊರೆದರೆ ಸಾಕು. ರಂಧ್ರವಿದ್ದೂ ನೀರು ನಿಂತರೆ ಮಣ್ಣೋ ಎಲೆಯ ಚೂರೋ ಕಟ್ಟಿಕೊಂಡಿರುತ್ತದೆ, ಕಡ್ಡಿ ಹಾಕಿ ತೆಗೆಯಿರಿ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಲೆನಾಡಿನಲ್ಲಿ ಕತ್ತಿಯನ್ನು ರಾತ್ರಿ ಒರೆಯಿಂದ ಹೊರಗೇ ಇಡುವುದು ಉತ್ತಮ. ಚೆನ್ನಾಗಿ ಅಚ್ಚೊತ್ತಿದ ಒರೆಯೊಳಗೆ ಗಾಳಿಯಾಡುವುದಿಲ್ಲ.

ಮಳೆಯಿಲ್ಲದ ಕಾಲದಲ್ಲಿ, ಒಣಗಿದ ಒರೆಯೊಳಗೆ, ಅಲಗಿನ ಉದ್ದಕ್ಕೂ ಕೆಲವೇ ದಿನಗಳಲ್ಲಿ ತುಕ್ಕು ಹರಡಿದರೆ ಅದು ಬೇರೆಯ ಸೂಚನೆ. ಒರೆಯ ಒಳಮೈ ಕಂದಾಗಿದೆಯೇ, ಮೂಸಿದರೆ ಘಾಟಿದೆಯೇ ನೋಡಿ. ಹಿಂದೆ ಹೇಳಿದ ಆಮ್ಲದ ಶೇಷ ಉಕ್ಕನ್ನು ತಿನ್ನುತ್ತಿರಬಹುದು. ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು ಒಣಗಿಸಿ, ಕತ್ತಿಗೆ ಎಣ್ಣೆ ಸವರಿ ಮತ್ತೊಮ್ಮೆ ಪರೀಕ್ಷಿಸಬಹುದು. ತುಕ್ಕು ಮರುಕಳಿಸಿದರೆ ಒರೆಯನ್ನು ಎಸೆಯುವುದಲ್ಲದೆ ಬೇರೆ ದಾರಿಯಿಲ್ಲ. ಒಳಗೆ ಬಟ್ಟೆಯನ್ನೋ ತೊಗಲನ್ನೋ ಅಂಟಿಸಿದ ಒರೆಗಳಿಗೂ ಈ ಕಾಯಿಲೆ ಬರುತ್ತದೆ, ಏಕೆಂದರೆ ಅವು ತೇವ ಹಿಡಿದಿಡುತ್ತವೆ. ಪ್ಲಾಸ್ಟಿಕ್ ಒರೆಗೆ ಒಳಪದರವೇ ಬೇಕಿಲ್ಲ.

ಅಂಚು ಬೇಗ ಮೊಂಡಾಗುತ್ತಿದೆ, ಒರೆಯಿಂದ ಪ್ಲಾಸ್ಟಿಕ್ ಚೂರು ಉದುರುತ್ತಿದೆ

ಒರೆಯನ್ನು ಬಿಳಿ ಕಾಗದದ ಮೇಲೆ ಬೋರಲಾಗಿ ತಟ್ಟಿ. ಉದ್ದನೆಯ ಸುರುಳಿಗಳು ಬಿದ್ದರೆ ಅಂಚು ಒರೆಯನ್ನು ಹೆರೆಯುತ್ತಿದೆ. ಹರಳುಹರಳಾಗಿ ಬಿದ್ದರೆ ಮರಳು ಸೇರಿಕೊಂಡಿದೆ, ತೊಳೆದರೆ ಮುಗಿಯಿತು. ಸುರುಳಿ ಬೀಳುವ ಒರೆಗಳಲ್ಲಿ ಬಹಳ ಸಲ ಹಾಳೆಯನ್ನು ಮಡಚಿದ ಬದಿಗೆ ಅಂಚನ್ನಿಟ್ಟಿರುತ್ತಾರೆ. ಮಡಿಕೆಯ ಬದಿಗೆ ಬೆನ್ನು ಬರಬೇಕು, ರಿವೆಟ್ ಸಾಲಿನ ಬದಿಗೆ ಅಂಚು ಬರಬೇಕು, ಅಂಚಿಗೂ ರಿವೆಟ್‌ಗೂ ನಡುವೆ ಅದೇ ಪ್ಲಾಸ್ಟಿಕ್‌ನ ನಡುಪಟ್ಟಿ ಇರಬೇಕು. ನಡುಪಟ್ಟಿಯಿಲ್ಲದೆ ಎರಡು ಹಾಳೆಗಳನ್ನು ನೇರವಾಗಿ ಕಚ್ಚಿಸಿದರೆ ಅವು ಸೇರುವ ಇಕ್ಕಟ್ಟಿನಲ್ಲಿ ಅಂಚು ಪ್ರತಿ ಬಾರಿಯೂ ಉಜ್ಜುತ್ತದೆ, ಕಾಲಕ್ರಮದಲ್ಲಿ ರಿವೆಟ್‌ನ ಲೋಹಕ್ಕೇ ತಾಗುತ್ತದೆ.

ಇದಕ್ಕೆಲ್ಲ ಹಾಳೆಯ ಅಗಲ ಸಾಲದೆ ಹೋಗುವುದೇ ಮೂಲ ತೊಂದರೆ. 50 ಮಿ.ಮೀ. ಅಗಲ, 5 ಮಿ.ಮೀ. ದಪ್ಪದ ಅಲಗಿಗೆ ಎರಡೂ ಬದಿ ಸೇರಿ 105, ರಿವೆಟ್ ಸಾಲಿಗೆ ಬದಿಗೆ 20ರಂತೆ 40, ಒಟ್ಟು 145 ಮಿ.ಮೀ. ಬೇಕು. 63 ಮಿ.ಮೀ. ಪೈಪಿನ ದಪ್ಪ 2 ಮಿ.ಮೀ. ಇದ್ದರೆ ಅದನ್ನು ಸೀಳಿ ಬಿಡಿಸಿದಾಗ ಸುಮಾರು 190 ಮಿ.ಮೀ. ಸಿಗುತ್ತದೆ, ಧಾರಾಳ. 40ರ ಪೈಪಿನಲ್ಲಿ ಸಿಗುವುದು 120ರಷ್ಟು. ಅದರಲ್ಲಿ ಕಸಿ ಚಾಕುವಿಗೆ ಒರೆಯಾದೀತು, ಕತ್ತಿಗೆ ಆಗದು.

ಬಿರುಕು

ಬಿರುಕಿನ ಸುತ್ತ ಪ್ಲಾಸ್ಟಿಕ್ ಬೆಳ್ಳಗಾಗಿದ್ದರೆ ಅದನ್ನು ಸಾಕಷ್ಟು ಕಾಯಿಸದೆ ಬಗ್ಗಿಸಲಾಗಿದೆ. ಬಿರುಕು ರಂಧ್ರದಿಂದ ಹೊರಟು ಅಂಚಿಗೆ ಸೇರಿದ್ದರೆ ರಂಧ್ರ ಅಂಚಿಗೆ ತೀರ ಹತ್ತಿರವಿದೆ, ಅಥವಾ ಮೊಳೆ ಬಡಿದು ತೂತು ಮಾಡಲಾಗಿದೆ. ಡ್ರಿಲ್ಲಿನಿಂದ ಕೊರೆದು, ರಂಧ್ರದ ನಡುವಿನಿಂದ ಅಂಚಿಗೆ ಕನಿಷ್ಠ ಅದರ ವ್ಯಾಸದ ಎರಡರಷ್ಟು ಅಂತರ ಬಿಡಬೇಕು. ರಿವೆಟ್‌ನ ತಲೆಯ ಕೆಳಗೆ ನಕ್ಷತ್ರದಂತೆ ಸೀಳುಗಳಿದ್ದರೆ ಸುತ್ತಿಗೆಯ ಏಟು ಹೆಚ್ಚಾಗಿದೆ, ಕೆಳಗೊಂದು ವಾಷರ್ ಬೇಕಿತ್ತು. ಇವೆಲ್ಲವನ್ನೂ ಬಿರುಕಿನ ಕೊನೆಯಲ್ಲಿ 2 ಮಿ.ಮೀ. ರಂಧ್ರ ಕೊರೆದು ಅದು ಮುಂದುವರಿಯದಂತೆ ತಡೆದು, ಒಳಗಿನಿಂದ ತುಂಡು ಪಿವಿಸಿಯನ್ನು ಪೈಪು ಜೋಡಿಸುವ ಅಂಟಾದ ಸಲ್ಯೂಷನ್ ಹಚ್ಚಿ ಅಂಟಿಸಿ ಉಳಿಸಿಕೊಳ್ಳಬಹುದು. ಆದರೆ ಮೇಲ್ಮೈ ಸುಣ್ಣ ಬಳಿದಂತೆ ಪುಡಿಪುಡಿಯಾಗಿದ್ದು, ತುಂಡೊಂದನ್ನು ಬಗ್ಗಿಸಿದರೆ ಟಪ್ಪನೆ ಮುರಿಯುತ್ತಿದ್ದರೆ ಆ ಪೈಪು ಬಿಸಿಲಿಗೆ ಸತ್ತಿದೆ. ದುರಸ್ತಿಗೆ ಅರ್ಹವಲ್ಲ.

ಅಂಟು ಬಿಟ್ಟುಕೊಳ್ಳುತ್ತಿದೆ

ಪಿವಿಸಿಗೆ ಹಚ್ಚುವ ಸಲ್ಯೂಷನ್ ಪಿವಿಸಿಯನ್ನು ಕರಗಿಸಿ ಬೆಸೆಯುತ್ತದೆ. ಎಚ್‌ಡಿಪಿಇ ಮತ್ತು ಪಾಲಿಪ್ರೊಪಿಲೀನನ್ನು ಅದು ಕರಗಿಸಲಾರದು, ಎಪಾಕ್ಸಿಯೂ ಫೆವಿಕ್ವಿಕ್ಕೂ ಅವುಗಳ ಮೈಗೆ ಹಿಡಿಯುವುದಿಲ್ಲ. ಪದರದಂತೆ ಶುಭ್ರವಾಗಿ ಎದ್ದು ಬಂದ ಅಂಟು ಕಂಡರೆ ತಪ್ಪು ಅಂಟಿನದಲ್ಲ ಎಂದು ತಿಳಿಯಿರಿ. ಆ ಪ್ಲಾಸ್ಟಿಕ್‌ಗಳಿಗೆ ರಿವೆಟ್, ಸಣ್ಣ ಬೋಲ್ಟ್ ನಟ್ಟು, ಇಲ್ಲವೇ ರಂಧ್ರ ಕೊರೆದು ದಪ್ಪ ನೈಲಾನ್ ದಾರದ ಹೊಲಿಗೆ. ಪಿವಿಸಿಯಲ್ಲಿ ಅಂಟು ಬಿಟ್ಟರೆ ಎರಡು ಮೈಗಳ ನಡುವೆ ಸಂದಿಯಿರುತ್ತದೆ. ಸಲ್ಯೂಷನ್ ಸಂದಿ ತುಂಬುವ ವಸ್ತುವಲ್ಲ.

ಬಾಟಲಿಯಿಂದ ಮಾಡಿದ ಒರೆ ಸೊಟ್ಟಗಾಗಿದೆ, ಬೆಳ್ಳಗಾಗಿದೆ

ಅಡುಗೆಮನೆಯ ಚಾಕುವಿಗೆ ಪಿಇಟಿ ಬಾಟಲಿಯಿಂದ ಕತ್ತರಿಸಿದ, ಅಂಗಿಯ ತೋಳಿನಂಥ ಕೊಳವೆಯನ್ನು ಬಿಸಿಗಾಳಿಯಿಂದ ಕುಗ್ಗಿಸಿ ಹೊದಿಸುವ ವಿಧಾನ ಸರಳ. ಬಾಟಲಿಯ ಮೈ ಕಾರ್ಖಾನೆಯಲ್ಲಿ ಎಳೆದು ಹಿಗ್ಗಿಸಿದ್ದು, 80 ಡಿಗ್ರಿ ದಾಟಿದೊಡನೆ ಕುಗ್ಗುತ್ತದೆ. ಕತ್ತು ಹಿಗ್ಗಿಸದ ಭಾಗವಾದ್ದರಿಂದ ಕುಗ್ಗುವುದೇ ಇಲ್ಲ. ಕತ್ತಿನ ಹತ್ತಿರದ ತುಂಡು ಸೇರಿಸಿಕೊಂಡಿದ್ದರೆ ಒರೆ ಒಂದು ಬದಿಗೆ ಸೊಟ್ಟಗಾಗುವುದು ಅದರಿಂದ. ಬಿಳಿಚಿಕೊಂಡು ಪೆಡಸಾದ ಜಾಗ ಹೆಚ್ಚು ಹೊತ್ತು ಕಾದ ಜಾಗ: ಅಲ್ಲಿ ಪಿಇಟಿ ಹರಳುಗಟ್ಟಿದೆ, ಮತ್ತೆ ತಿಳಿಯಾಗದು, ಬಗ್ಗಿಸಿದರೆ ಒಡೆಯುತ್ತದೆ. ತೋಳಿನ ಗೋಡೆ ತೆಳುವಾದ್ದರಿಂದ ಮೊನೆ ಅದನ್ನು ಸುಲಭವಾಗಿ ಚುಚ್ಚಿ ಹೊರಬರುತ್ತದೆ. ಒಳಗೆ ಮಡಚಿದ ರಟ್ಟಿನ ಪಟ್ಟಿಯಿಟ್ಟು ಕುಗ್ಗಿಸಬೇಕು. ಇಂಥ ಒರೆ ಡ್ರಾಯರಿಗೆ ಮಾತ್ರ, ಜೇಬಿಗಲ್ಲ.

ಸೊಂಟದಲ್ಲಿ ನೇತಾಡುತ್ತದೆ, ಕುಣಿಕೆ ಕಿತ್ತುಬರುತ್ತದೆ

ಪಿವಿಸಿ ಪಟ್ಟಿಯನ್ನೇ ಬಾಗಿಸಿ ಬೆಲ್ಟಿನ ಕುಣಿಕೆ ಮಾಡಿದ್ದರೆ ಅದೂ ಪೈಪಿನ ನೆನಪಿಗೆ ಒಳಪಟ್ಟದ್ದೇ. ಒಂದೇ ರಿವೆಟ್‌ನಲ್ಲಿ ನಿಂತಿದ್ದರೆ ಕತ್ತಿಯ ಭಾರಕ್ಕೆ ಅದು ತಿರುಗುತ್ತ ರಂಧ್ರವನ್ನು ಅಂಡಾಕಾರ ಮಾಡಿಕೊಳ್ಳುತ್ತದೆ. ನೈಲಾನ್ ಪಟ್ಟಿಯ ಕುಣಿಕೆಯನ್ನು ಒಂದರ ಕೆಳಗೊಂದರಂತೆ ಎರಡು ರಿವೆಟ್‌ಗಳಲ್ಲಿ, ವಾಷರ್ ಸಹಿತ ಬಿಗಿಯಿರಿ. ಮರ ಹತ್ತುವವರಿಗೆ ಒರೆ ಬೆನ್ನ ಹಿಂದೆ, ಸೊಂಟದ ನಡುವಿಗೆ ಬರುವಂತೆ ಕುಣಿಕೆಯನ್ನು ಅಡ್ಡಲಾಗಿ ಹಾಕುವ ಪದ್ಧತಿಯಿದೆ. ಹಾಗಿದ್ದಾಗ ಬಾಗಿದ ಪ್ರತಿ ಸಲವೂ ಒರೆ ಬೋರಲಾಗುವ ಕಾರಣ ಹಿಡಿಯ ಮೇಲಿನ ಪಟ್ಟಿ ಕಡ್ಡಾಯ. ಕೆಟ್ಟ ಒರೆಯ ಪಿವಿಸಿ ತುಂಡುಗಳನ್ನು ಒಲೆಗೆ ಹಾಕದೆ ಗುಜರಿಗೆ ಕೊಡಿ, ಕ್ಯಾನಿನ ಪ್ಲಾಸ್ಟಿಕ್‌ನೊಂದಿಗೆ ಬೆರೆಸದೆ ಬೇರೆ ಚೀಲದಲ್ಲಿ.